ಆಬ್ಜೆಕ್ಟ್ ಬದಲಾದ ಸುದ್ದಿ ಪರದೆಗೆ ಮುಟ್ಟಿಸುವುದು ಹೇಗೆ? ಪ್ರಾಕ್ಸಿ, ಸಿಗ್ನಲ್, ಆರ್‌ಎಕ್ಸ್‌ಜೆಎಸ್, ರಿಯಾಕ್ಟ್: ಯಾರಿಗೆ ಯಾವುದು

ಕಲಬುರಗಿ, ಬೀದರ್, ಯಾದಗಿರಿ ಕಡೆ ವೆಬ್ ಕೆಲಸ ಕಲಿಯುತ್ತಿರುವವರು, ಊರಲ್ಲೇ ಕೂತು ಅಂಗಡಿಗೆ, ದಾಲ್ ಮಿಲ್ಲಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುವವರು ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆ. ವೆಬ್ ಪುಟ ಕಟ್ಟಲು ರಿಯಾಕ್ಟ್ ಕಲಿಯಲಾ, ವ್ಯೂ ಕಲಿಯಲಾ? ಆಂಗ್ಯುಲರ್‌ಗೆ ಸಿಗ್ನಲ್ ಬಂದಿದೆಯಲ್ಲ, ಇನ್ನು ಆರ್‌ಎಕ್ಸ್‌ಜೆಎಸ್ ಬಿಡಬಹುದಾ? ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಯಾಕೆ, ನಾನೇ ಪ್ರಾಕ್ಸಿ ಬರೆದುಕೊಂಡರೆ ಆಗಲ್ವಾ? ಬಿಡಿಸಿ ನೋಡಿದರೆ ಎಲ್ಲದರ ಒಳಗೂ ಒಂದೇ ಪ್ರಶ್ನೆ ಕೂತಿದೆ. ಒಂದು ಆಬ್ಜೆಕ್ಟಿನ (ಹೆಸರಿಟ್ಟ ಮಾಹಿತಿಯನ್ನು ಒಟ್ಟಿಗೆ ಇಡುವ ಪೆಟ್ಟಿಗೆ, ಒಳಗಿನ ಒಂದೊಂದು ಹೆಸರೂ ಒಂದು ಪ್ರಾಪರ್ಟಿ) ಒಳಗೆ ಏನೋ ಬದಲಾಯಿತು, ಅದನ್ನು ಪರದೆಗೆ ಹೇಳುವವರು ಯಾರು?

ಜಾವಾಸ್ಕ್ರಿಪ್ಟ್ ತಾನಾಗಿ ಹೇಳುವುದಿಲ್ಲ. ದರ ಅನ್ನುವ ಪ್ರಾಪರ್ಟಿಗೆ ಹೊಸ ಅಂಕಿ ಹಾಕಿದಿರಿ, ಅಂಕಿ ಹೋಗಿ ಕೂತಿತು, ಅಷ್ಟೇ. ಅದರಿಂದ ಲೆಕ್ಕ ಹಾಕಿದ ಮೊತ್ತ, ಅದನ್ನು ತೋರಿಸುವ ಚಾರ್ಟ್, ಪರದೆ ಮೇಲಿನ ಸಾಲು, ಯಾವುದಕ್ಕೂ ಸುದ್ದಿ ಮುಟ್ಟುವುದಿಲ್ಲ. ಆ ಸುದ್ದಿ ಮುಟ್ಟಿಸುವ ಏರ್ಪಾಟೇ ರಿಯಾಕ್ಟಿವ್ ಪ್ರೋಗ್ರಾಮಿಂಗ್. ಏರ್ಪಾಟುಗಳು ಹಲವು ಇವೆ, ಒಂದೊಂದಕ್ಕೂ ಒಂದೊಂದು ಬೆಲೆ ಇದೆ.

ಎಲ್ಲವನ್ನೂ ಒಂದೇ ಉದಾಹರಣೆ ಮೇಲೆ ತೂಗೋಣ. ಕಲಬುರಗಿ ಗಂಜ್‌ನ (ಕೃಷಿ ಮಾರುಕಟ್ಟೆ) ಒಂದು ಅಡತ್ ಅಂಗಡಿಗೆ (ಕಮಿಷನ್ ಏಜೆಂಟರ ಅಂಗಡಿ) ತೊಗರಿ ದರದ ಬೋರ್ಡ್ ಮಾಡಿಕೊಡಬೇಕು ಅಂದುಕೊಳ್ಳಿ. ಒಂದು ಆಬ್ಜೆಕ್ಟಿನಲ್ಲಿ ಮಾರುಕಟ್ಟೆಯ ಹೆಸರು, ಆವಕ, ಕನಿಷ್ಠ ದರ, ಗರಿಷ್ಠ ದರ ಇವೆ. ಇನ್ನೊಂದರಲ್ಲಿ ರೈತರ ಪಟ್ಟಿ: ಯಾರು, ಎಷ್ಟು ಚೀಲ, ಎಷ್ಟು ತೂಕ, ಮೊತ್ತ ಎಷ್ಟು. ಗುಮಾಸ್ತರು ಒಂದು ಕಡೆ ದರ ಬದಲಿಸಿದರೆ ಅಂಗಡಿಯ ಟಿವಿಯಲ್ಲೂ, ಅಫಜಲಪುರ ತಾಲೂಕಿನ ಹಳ್ಳಿಯಲ್ಲಿ ಕೂತ ರೈತರ ಫೋನಿನಲ್ಲೂ ಅದು ಬದಲಾಗಬೇಕು. ಡಿಸೆಂಬರ್-ಜನವರಿಯಲ್ಲಿ ಹೊಸ ಮಾಲು ಬರಲು ಶುರುವಾದಾಗ ಈ ಬೋರ್ಡಿಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ.

ತೂಗುವ ಮೊದಲು ಏನೇನು ನೋಡಬೇಕು

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ನಿಮಗೆ ಬೇಕಾದದ್ದು ಪ್ರಾಪರ್ಟಿಯ ಈಗಿನ ಬೆಲೆಯಾ (ವ್ಯಾಲ್ಯೂ), ಅಥವಾ ಒಂದರ ಹಿಂದೊಂದು ನಡೆಯುವ ಘಟನೆಗಳಾ? ಬೋರ್ಡಿನ ಮೇಲಿನ ಗರಿಷ್ಠ ದರಕ್ಕೆ ಈ ಕ್ಷಣದ ಅಂಕಿ ಸಾಕು, ನಡುವೆ ಎರಡು ಅಂಕಿ ತಪ್ಪಿಹೋದರೂ ಯಾರಿಗೂ ತೊಂದರೆ ಇಲ್ಲ. ಆದರೆ ಹರಾಜಿನಲ್ಲಿ ಕೂಗಿದ ಒಂದೊಂದು ದರವೂ ಲೆಕ್ಕಕ್ಕೆ ಬರಬೇಕು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದೂ ಮುಖ್ಯ. ಮೊದಲನೆಯದಕ್ಕೆ ಒಂದು ಸಾಧನ, ಎರಡನೆಯದಕ್ಕೆ ಇನ್ನೊಂದು. ಇದನ್ನು ಬೇರೆ ಮಾಡಿ ನೋಡದೆ ಹೊರಟವರೇ ಆಮೇಲೆ ಹೆಚ್ಚು ಒದ್ದಾಡುತ್ತಾರೆ.

ಎರಡನೆಯದು ಆಬ್ಜೆಕ್ಟಿನ ಆಕಾರ. ನಾಲ್ಕು ಪ್ರಾಪರ್ಟಿ ಇರುವ ಸರಳ ಆಬ್ಜೆಕ್ಟಾ, ಒಳಗೆ ಅರೇ (ಸಾಲಾಗಿ ಜೋಡಿಸಿದ ಪಟ್ಟಿ), ಅರೇ ಒಳಗೆ ಮತ್ತೆ ಆಬ್ಜೆಕ್ಟು ಇರುವಂಥದ್ದಾ? ಹೊಸ ಪ್ರಾಪರ್ಟಿಗಳು ನಡುವೆ ಬಂದು ಸೇರುತ್ತವಾ?

ಮೂರನೆಯದು ಫೋನು ಮತ್ತು ಕಂಪ್ಯೂಟರು. ನಮ್ಮ ಕಡೆ ಬಳಸುವವರ ಕೈಯಲ್ಲಿ ಇರುವುದು ಕಡಿಮೆ ಬೆಲೆಯ ಆಂಡ್ರಾಯ್ಡ್, ಹಳ್ಳಿಯಲ್ಲಿ ನೆಟ್‌ವರ್ಕ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ನೀವು ಸೇರಿಸುವ ಒಂದೊಂದು ಕಿಲೋಬೈಟನ್ನೂ ಆ ಫೋನು ಇಳಿಸಿಕೊಂಡು, ಓದಿ, ಓಡಿಸಬೇಕು. ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 7 ಓಡುವ ಕಂಪ್ಯೂಟರ್ ಸಿಗುತ್ತವೆ, ಅವುಗಳಲ್ಲಿ ಕ್ರೋಮ್ 109ರ ಮುಂದಿನ ಆವೃತ್ತಿ ಬರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ದುಡ್ಡು. ಇಲ್ಲಿ ಹೇಳುವ ಲೈಬ್ರರಿಗಳೆಲ್ಲ ಪುಕ್ಕಟೆ. ರಿಯಾಕ್ಟ್, ವ್ಯೂ, ಆಂಗ್ಯುಲರ್, ಸ್ವೆಲ್ಟ್, ಸಾಲಿಡ್, ಮಾಬ್‌ಎಕ್ಸ್ ಎಲ್ಲ ಎಂಐಟಿ ಲೈಸೆನ್ಸಿನವು, ಆರ್‌ಎಕ್ಸ್‌ಜೆಎಸ್ ಅಪಾಚೆ 2.0. ಹಾಗಾಗಿ ಬಜೆಟ್ ಅಂದರೆ ನಿಮ್ಮ ಸಮಯ, ಗಿರಾಕಿಯ ಡೇಟಾ, ಮತ್ತು ನೀವು ಊರು ಬಿಟ್ಟು ಹೋದ ಮೇಲೆ ಆ ಕೋಡ್ ನೋಡಿಕೊಳ್ಳುವವರ ತಲೆನೋವು. ಈ ಮೂರನೆಯದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಅದೇ ಜಾಸ್ತಿ ದುಬಾರಿ.

ಹಳೆಯ ದಾರಿಗಳನ್ನು ಬೇಗ ಮುಗಿಸೋಣ

ಆಬ್ಜೆಕ್ಟ್.ಅಬ್ಸರ್ವ್ ಅಂತ ಒಂದಿತ್ತು. ಆಬ್ಜೆಕ್ಟ್ ಕೊಟ್ಟು, ಬದಲಾದರೆ ನನ್ನನ್ನು ಕರೆ ಅಂತ ನೇರವಾಗಿ ಬ್ರೌಸರಿಗೇ ಹೇಳುವ ಸೌಕರ್ಯ. 2014ರಲ್ಲಿ ಕ್ರೋಮ್ 36ರಲ್ಲಿ ಬಂತು. 2015ರ ನವೆಂಬರಿನಲ್ಲಿ ಆ ಪ್ರಸ್ತಾವವನ್ನೇ ವಾಪಸ್ ತೆಗೆದುಕೊಂಡರು, ಆಮೇಲೆ ಕ್ರೋಮ್‌ನಿಂದಲೂ ತೆಗೆದುಹಾಕಿದರು. ಹಳೆಯ ಪಾಠಗಳಲ್ಲಿ ಇದು ಇನ್ನೂ ಕಣ್ಣಿಗೆ ಬೀಳುತ್ತದೆ. ಕಂಡರೆ ಆ ಪಾಠ ಅಲ್ಲಿಗೇ ಬಿಡಿ. ಮ್ಯುಟೇಶನ್‌ಅಬ್ಸರ್ವರ್ ಇದರ ಬದಲಿ ಅಂತ ಕೆಲವರು ತಿಳಿದಿರುತ್ತಾರೆ. ಅದು ನೋಡುವುದು ಪುಟದ ಡಾಮ್ ಅನ್ನು (ಬ್ರೌಸರ್ ಇಟ್ಟುಕೊಳ್ಳುವ ಪುಟದ ರಚನೆ), ನಿಮ್ಮ ಆಬ್ಜೆಕ್ಟನ್ನು ಅದು ಮುಟ್ಟುವುದೂ ಇಲ್ಲ.

ಆಂಗ್ಯುಲರ್‌ಜೆಎಸ್ (ಆಂಗ್ಯುಲರ್‌ನ ಹಳೆಯ ರೂಪ) ಬೇರೆ ದಾರಿ ಹಿಡಿದಿತ್ತು. ಏನೇ ಕ್ಲಿಕ್ಕಾದರೂ ಗಮನದಲ್ಲಿರುವ ಎಲ್ಲ ಬೆಲೆಗಳನ್ನೂ ಹಳೆಯದರ ಜೊತೆ ಹೋಲಿಸಿ ನೋಡುವುದು, ಬದಲಾಗಿದ್ದರೆ ಮತ್ತೊಂದು ಸುತ್ತು. 10 ಸುತ್ತಾದರೂ ನಿಲ್ಲದಿದ್ದರೆ ದೋಷ ತೋರಿಸಿ ಕೈಬಿಡುತ್ತಿತ್ತು. ಬೋರ್ಡಿನಲ್ಲಿ ಸಾಲುಗಳು ಹೆಚ್ಚಾದಂತೆ ಪುಟ ಏದುಸಿರು ಬಿಡುತ್ತಿತ್ತು. 2021ರ ಡಿಸೆಂಬರ್ 31ಕ್ಕೆ ಅದರ ಬೆಂಬಲವೂ ಮುಗಿಯಿತು.

ಗೆಟರ್-ಸೆಟರ್ ದಾರಿ ಮಾತ್ರ ಈಗಲೂ ಬದುಕಿದೆ. ಪ್ರಾಪರ್ಟಿಗೆ ಬೆಲೆ ಹಾಕುವಾಗ ನಿಮ್ಮದೊಂದು ಫಂಕ್ಷನ್ ಓಡುವಂತೆ ಮಾಡುವುದು. 2009ರ ಇಎಸ್5 ಅನ್ನುವ ಜಾವಾಸ್ಕ್ರಿಪ್ಟ್ ಆವೃತ್ತಿಯಿಂದಲೂ ಇದೆ. ವ್ಯೂ 2 ನಿಂತದ್ದು ಇದರ ಮೇಲೆಯೇ. ತೊಂದರೆ ಎಲ್ಲಿ ಅಂದರೆ, ಮೊದಲೇ ಇದ್ದ ಪ್ರಾಪರ್ಟಿಗೆ ಮಾತ್ರ ಇದು ಕಾವಲು ಕಾಯುತ್ತದೆ. ಗುಮಾಸ್ತರು ಹೊಸದಾಗಿ 'ತೇವಾಂಶ' ಅನ್ನುವ ಪ್ರಾಪರ್ಟಿ ಸೇರಿಸಿದರೆ, ಅಥವಾ ಪಟ್ಟಿಯ ಮೂರನೇ ಸಾಲನ್ನು ನೇರವಾಗಿ ಇಂಡೆಕ್ಸ್ (ಸಾಲಿನ ಕ್ರಮಾಂಕ) ಹಿಡಿದು ಬದಲಿಸಿದರೆ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ವ್ಯೂ.ಸೆಟ್ ಅಂತ ಬೇರೆಯೇ ಫಂಕ್ಷನ್ ಕರೆಯಬೇಕಿತ್ತು. ವ್ಯೂ 2ರ ಬೆಂಬಲ 2023ರ ಡಿಸೆಂಬರ್ 31ಕ್ಕೆ ನಿಂತಿದೆ. ಆದರೂ ನಿಮ್ಮದೇ ಕ್ಲಾಸ್, ನಾಲ್ಕೈದು ಗೊತ್ತಿರುವ ಪ್ರಾಪರ್ಟಿ, ಅಷ್ಟೇ ಇದ್ದರೆ ಗೆಟರ್-ಸೆಟರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸುಮ್ನೆ ದೊಡ್ಡ ಲೈಬ್ರರಿ ಎಳೆದು ತರಬೇಡಿ.

ಒಂದೇ ಪುಟ, ಒಂದೇ ಫಾರ್ಮ್ ಇದ್ದರೆ ಇದೂ ಬೇಡ. ದರ ಬದಲಿಸಲು ಒಂದೇ ಒಂದು ಫಂಕ್ಷನ್ ಇಡಿ, ಬದಲಿಸಿದ ಮೇಲೆ ಅದು ಒಂದು ಕಸ್ಟಮ್ ಇವೆಂಟ್ (ನೀವೇ ಹೆಸರಿಟ್ಟ ಸುದ್ದಿ) ಹೊರಡಿಸಲಿ, ಬೇಕಾದವರು ಕೇಳಿಸಿಕೊಳ್ಳಲಿ. ಬ್ರೌಸರಿನಲ್ಲೇ ಇರುವ ಇವೆಂಟ್‌ಟಾರ್ಗೆಟ್ ಇದಕ್ಕೆ ಸಾಕು. ಇಳಿಸಬೇಕಾದ ಲೈಬ್ರರಿ ಸೊನ್ನೆ ಕಿಲೋಬೈಟ್.

ಪ್ರಾಕ್ಸಿ: ಎಲ್ಲ ಕಾಣುತ್ತದೆ, ಆದರೆ ಕೆಲವು ಕಡೆ ಎಡವಿಸುತ್ತದೆ

ಪ್ರಾಕ್ಸಿ 2015ರ ಇಎಸ್6ರಲ್ಲಿ ಬಂತು. ನಿಜವಾದ ಆಬ್ಜೆಕ್ಟಿನ ಮುಂದೆ ಇನ್ನೊಂದು ಆಬ್ಜೆಕ್ಟ್ ನಿಲ್ಲಿಸುತ್ತೀರಿ. ಓದುವುದು, ಬರೆಯುವುದು, ಅಳಿಸುವುದು, ಇದೆಯಾ ಅಂತ ಕೇಳುವುದು, ಎಲ್ಲವೂ ಅದರ ಮೂಲಕವೇ ಹೋಗಬೇಕು. ಹೀಗೆ ಹಿಡಿದು ನಿಲ್ಲಿಸಬಹುದಾದ ಕೆಲಸಗಳು ಒಟ್ಟು 13. ಹೊಸ ಪ್ರಾಪರ್ಟಿ ಸೇರಿದರೂ ಗೊತ್ತಾಗುತ್ತದೆ, ಅರೇ ಇಂಡೆಕ್ಸ್ ಬದಲಾದರೂ ಗೊತ್ತಾಗುತ್ತದೆ, ಅಂದರೆ ವ್ಯೂ 2ರ ಆ ಎರಡೂ ಕಿರಿಕಿರಿ ಇಲ್ಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಂದ ವ್ಯೂ 3 ಇದೇ ಕಾರಣಕ್ಕೆ ಪ್ರಾಕ್ಸಿಗೆ ಹೊರಳಿತು.

ಒಳಗೆ ನಡೆಯುವುದು ಏನು ಅಂತ ಒಮ್ಮೆ ಅರ್ಥವಾದರೆ ಉಳಿದ ಲೈಬ್ರರಿಗಳೂ ಅರ್ಧ ಅರ್ಥವಾದಂತೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ಮೊತ್ತ ತೋರಿಸುವ ಒಂದು ಫಂಕ್ಷನ್ ಇದೆ, ಅದು ತೂಕ ಮತ್ತು ದರ ಎರಡನ್ನೂ ಓದುತ್ತದೆ. ಅದನ್ನು ಓಡಿಸುವ ಮೊದಲು 'ಈಗ ಓಡುತ್ತಿರುವವನು ಇವನು' ಅಂತ ಒಂದು ಕಡೆ ಬರೆದಿಡುತ್ತೀರಿ. ಫಂಕ್ಷನ್ ದರವನ್ನು ಓದಿದ ಕೂಡಲೇ ಪ್ರಾಕ್ಸಿಯ ಗೆಟ್ ಭಾಗ ಎಚ್ಚರವಾಗಿ, ದರದ ಹೆಸರಿನ ಪಟ್ಟಿಯಲ್ಲಿ ಈ ಫಂಕ್ಷನ್ನಿನ ಹೆಸರು ಸೇರಿಸುತ್ತದೆ. ತೂಕ ಓದಿದಾಗಲೂ ಹಾಗೆಯೇ. ಮುಂದೆ ಯಾರಾದರೂ ದರ ಬದಲಿಸಿದರೆ ಸೆಟ್ ಭಾಗ ಆ ಪಟ್ಟಿ ತೆರೆದು ಅದರಲ್ಲಿರುವ ಫಂಕ್ಷನ್‌ಗಳನ್ನು ಮತ್ತೆ ಓಡಿಸುತ್ತದೆ. ಯಾರು ಯಾರನ್ನು ಅವಲಂಬಿಸಿದ್ದಾರೆ ಅಂತ ನೀವು ಎಲ್ಲೂ ಬರೆಯಲಿಲ್ಲ, ಓದಿದ್ದರಿಂದಲೇ ಅದು ತಿಳಿದುಕೊಂಡಿತು. ಪಟ್ಟಿಗಳನ್ನು ವೀಕ್‌ಮ್ಯಾಪ್‌ನಲ್ಲಿ ಇಟ್ಟರೆ ಆಬ್ಜೆಕ್ಟ್ ಹೋದಾಗ ಅದರ ಪಟ್ಟಿಯೂ ಮೆಮರಿಯಿಂದ ಹೋಗುತ್ತದೆ. ಇಷ್ಟನ್ನು ಒಂದು ಸಂಜೆಯಲ್ಲಿ ಬರೆಯಬಹುದು. ಕಾಲೇಜಿನಲ್ಲಿರುವವರು ದಯವಿಟ್ಟು ಒಮ್ಮೆ ಬರೆಯಿರಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆದರೆ ಗಿರಾಕಿಯ ಕೆಲಸಕ್ಕೆ ಅದನ್ನೇ ಹಾಕಬೇಡಿ. ಯಾಕೆ ಅಂದರೆ ಕಷ್ಟ ಇರುವುದು ಮೂಲೆಗಳಲ್ಲಿ. ಒಳಗಿನ ಆಬ್ಜೆಕ್ಟುಗಳನ್ನೂ ಸುತ್ತಬೇಕು, ಆದರೆ ಎಲ್ಲವನ್ನೂ ಮೊದಲೇ ಸುತ್ತಿದರೆ ಫೋನು ನಿಧಾನವಾಗುತ್ತದೆ, ಆದ್ದರಿಂದ ಓದಿದಾಗ ಮಾತ್ರ ಸುತ್ತಬೇಕು. ಪ್ರಾಕ್ಸಿ ಮತ್ತು ಮೂಲ ಆಬ್ಜೆಕ್ಟ್ ಎರಡೂ ಬೇರೆ ಬೇರೆ, ಹೋಲಿಸಿದರೆ ಸಮ ಅಂತ ಬರುವುದಿಲ್ಲ. ಅರೇಯಲ್ಲಿ ಈ ರೈತರ ಸಾಲು ಇದೆಯಾ ಅಂತ ಕೇಳಿದಾಗ ಕಣ್ಣೆದುರು ಇದ್ದರೂ ಇಲ್ಲ ಅಂತ ಉತ್ತರ ಬರಬಹುದು. ಜಾವಾಸ್ಕ್ರಿಪ್ಟ್ ಜೊತೆಗೇ ಬರುವ ಮ್ಯಾಪ್, ಸೆಟ್, ಡೇಟ್‌ ಆಬ್ಜೆಕ್ಟುಗಳನ್ನು ಹಾಗೇ ಸುತ್ತಿ ಅವುಗಳ ಮೆಥಡ್ ಕರೆದರೆ ಟೈಪ್‌ಎರರ್ ಬರುತ್ತದೆ. ಹ್ಯಾಶ್ ಗುರುತಿನ ಖಾಸಗಿ ಫೀಲ್ಡ್ ಇರುವ ಕ್ಲಾಸಿನಲ್ಲೂ ಅದೇ ಕಥೆ. ಇನ್ನೊಂದು ಇದೆ: ಒಂದೇ ಕ್ಲಿಕ್ಕಿನಲ್ಲಿ ತೂಕ, ದರ ಎರಡೂ ಬದಲಾದರೆ ಮೊತ್ತದ ಫಂಕ್ಷನ್ ಎರಡು ಸಲ ಓಡುತ್ತದೆ, ಮೊದಲ ಸಲ ತಪ್ಪು ಮೊತ್ತ ಲೆಕ್ಕವಾಗುತ್ತದೆ. ಇದನ್ನು ತಡೆಯಲು ಬದಲಾವಣೆಗಳನ್ನು ಒಟ್ಟು ಮಾಡಿ ಕೊನೆಗೆ ಒಂದೇ ಸಲ ಓಡಿಸಬೇಕು. ಇವುಗಳಲ್ಲಿ ಹೆಚ್ಚಿನವನ್ನು ವ್ಯೂ ನೋಡಿಕೊಳ್ಳುತ್ತದೆ. ಪೂರ್ತಿ ವ್ಯೂ ಬೇಡ ಅನ್ನುವವರಿಗೆ ಅದರ ರಿಯಾಕ್ಟಿವಿಟಿ ಭಾಗವೊಂದೇ ಬೇರೆ ಪ್ಯಾಕೇಜ್ ಆಗಿ ಸಿಗುತ್ತದೆ. ಸ್ವಂತ ಬರೆಯಲು ಹೊರಟವರಿಗೆ ನಾನು ತೋರಿಸುವುದು ಅದನ್ನೇ.

ವ್ಯೂ 3ರಲ್ಲಿ ಎರಡು ಕಡೆ ಹುಷಾರಾಗಿರಿ. ರಿಯಾಕ್ಟಿವ್ ಆಬ್ಜೆಕ್ಟಿನಿಂದ ದರವನ್ನು ಬಿಡಿಸಿ ಬೇರೆ ವೇರಿಯಬಲ್ಲಿಗೆ ಹಾಕಿಕೊಂಡರೆ ನಂಟು ಕಡಿದುಹೋಗುತ್ತದೆ, ಟು‌ರೆಫ್ಸ್ ಬಳಸಿ. ಇನ್ನು ಚಾರ್ಟ್ ಅಥವಾ ಊರಿನ ನಕ್ಷೆ ತೋರಿಸುವ ಲೈಬ್ರರಿ ಕೊಡುವ ದೊಡ್ಡ ಆಬ್ಜೆಕ್ಟನ್ನು ರಿಯಾಕ್ಟಿವ್ ಒಳಗೆ ಇಡಬೇಡಿ. ಅದರ ಒಳಗಿನ ಎಲ್ಲವನ್ನೂ ವ್ಯೂ ಸುತ್ತಲು ಹೋಗಿ ವಿಚಿತ್ರ ದೋಷಗಳು ಬರುತ್ತವೆ. ಶ್ಯಾಲೋ‌ರೆಫ್ ಅಥವಾ ಮಾರ್ಕ್‌ರಾ ಇರುವುದೇ ಇದಕ್ಕೆ.

ಬ್ರೌಸರಿನ ಚಿಂತೆ ಬೇಡ. ಕ್ರೋಮ್‌ನಲ್ಲಿ ಪ್ರಾಕ್ಸಿ ಆವೃತ್ತಿ 49ರಿಂದ ಇದೆ, ಹಾಗಾಗಿ ಆ ವಿಂಡೋಸ್ 7 ಕಂಪ್ಯೂಟರಿನ ಕ್ರೋಮ್ 109ರಲ್ಲೂ ಓಡುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಇಲ್ಲ, ಪಾಲಿಫಿಲ್ (ಇಲ್ಲದ ಸೌಕರ್ಯವನ್ನು ತುಂಬಿಕೊಡುವ ಕೋಡು) ಹಾಕಿ ಪೂರ್ತಿ ಸರಿಮಾಡಲೂ ಆಗುವುದಿಲ್ಲ.

ಸಿಗ್ನಲ್: ನಮ್ಮಲ್ಲಿ ಹೆಚ್ಚಿನವರಿಗೆ ಇದೇ ಸರಿ ಅನ್ನಿಸುತ್ತದೆ

ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಎಕ್ಸೆಲ್ ಹಾಳೆಯನ್ನು ನೆನಪಿಸಿಕೊಳ್ಳಿ. ದರದ ಚೌಕದಲ್ಲಿ ಅಂಕಿ ಬದಲಿಸಿದರೆ ಸೂತ್ರ ಇರುವ ಮೊತ್ತದ ಚೌಕ ತಾನೇ ಬದಲಾಗುತ್ತದೆ, ಬೇರೆ ಚೌಕಗಳು ಅಲ್ಲಾಡುವುದಿಲ್ಲ. ಸಿಗ್ನಲ್ ಅಂದರೆ ಅಂಕಿ ಇರುವ ಚೌಕ, ಕಂಪ್ಯೂಟೆಡ್ ಅಂದರೆ ಸೂತ್ರ ಇರುವ ಚೌಕ. ಎಫೆಕ್ಟ್ ಅಂದರೆ ಆ ಬದಲಾವಣೆಯನ್ನು ಹೊರಗೆ ಮುಟ್ಟಿಸುವ ಕೆಲಸ, ಪರದೆಗೆ ಬರೆಯುವುದೋ, ಸರ್ವರಿಗೆ ಕಳಿಸುವುದೋ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 2010ರ ನಾಕೌಟ್ ಲೈಬ್ರರಿಯ ಅಬ್ಸರ್ವಬಲ್ ಇದೇ ವಿಚಾರ. ಸಾಲಿಡ್ ಅದನ್ನು ಹದ ಮಾಡಿತು. 2022ರ ಸೆಪ್ಟೆಂಬರಿನಲ್ಲಿ ರಿಯಾಕ್ಟ್ ಥರದ್ದೇ ಸಣ್ಣ ಲೈಬ್ರರಿಯಾದ ಪ್ರಿಯಾಕ್ಟ್ ಸಿಗ್ನಲ್ ತಂದಿತು, 2023ರ ಮೇನಲ್ಲಿ ಆಂಗ್ಯುಲರ್ 16, 2024ರ ಅಕ್ಟೋಬರಿನಲ್ಲಿ ಸ್ವೆಲ್ಟ್ 5 ಇದೇ ಹಾದಿಗೆ ಬಂದವು. ವ್ಯೂನ ರೆಫ್ ಕೂಡ ಇದೇ ಜಾತಿ. 2024ರ ಏಪ್ರಿಲ್‌ನಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೇ ಸಿಗ್ನಲ್ ಸೇರಿಸುವ ಪ್ರಸ್ತಾವ, ಆ ಭಾಷೆಯ ನಿಯಮ ರೂಪಿಸುವ ಟಿಸಿ39 ಸಮಿತಿಯ ಮೊದಲ ಹಂತ ಮುಟ್ಟಿತು. ಇಷ್ಟು ಬೇರೆ ಬೇರೆ ತಂಡಗಳು ಒಂದೇ ಕಡೆ ಬಂದು ನಿಂತಿವೆ ಅಂದರೆ ಇದನ್ನು ಕಲಿತ ಸಮಯ ವ್ಯರ್ಥವಾಗುವುದಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಇದರ ದೊಡ್ಡ ಗುಣ ಅಂದರೆ ಬದಲಾದದ್ದು ಮಾತ್ರ ಓಡುತ್ತದೆ. ನೂರಾರು ಸಾಲಿನ ಬೋರ್ಡಿನಲ್ಲಿ ಒಂದು ದರ ಬದಲಾದರೆ ಆ ಒಂದು ಚೌಕಕ್ಕೆ ಮಾತ್ರ ಕೆಲಸ. ಹೆಚ್ಚಿನ ಲೈಬ್ರರಿಗಳಲ್ಲಿ ಕಂಪ್ಯೂಟೆಡ್ ಕೂಡ ಯಾರಾದರೂ ಕೇಳಿದಾಗ ಮಾತ್ರ ಲೆಕ್ಕ ಹಾಕುತ್ತದೆ, ಹಾಕಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಕಡಿಮೆ ಬೆಲೆಯ ಫೋನಿನಲ್ಲಿ ಈ ವ್ಯತ್ಯಾಸ ಕೈಗೆ ಸಿಗುವಷ್ಟು ಇರುತ್ತದೆ. ಪ್ರಿಯಾಕ್ಟ್ ಮತ್ತು ಸಾಲಿಡ್ ಗಾತ್ರದಲ್ಲೂ ಭಾಳ ಸಣ್ಣವು, ಹಾಗಾಗಿ ನೆಟ್‌ವರ್ಕ್ ಕೈಕೊಡುವ ಊರುಗಳಿಗೆ ಪುಟ ಮಾಡುವವರು ಮೊದಲು ಇವನ್ನು ನೋಡಿ.

ಬೆಲೆ ಏನು ಅಂದರೆ ಓದುವ, ಬರೆಯುವ ರೀತಿ ಬದಲಾಗುತ್ತದೆ. ಆಂಗ್ಯುಲರ್, ಸಾಲಿಡ್‌ನಲ್ಲಿ ಸಿಗ್ನಲನ್ನು ಫಂಕ್ಷನ್ ಥರ ಕರೆದು ಓದಬೇಕು, ಪ್ರಿಯಾಕ್ಟ್‌ನಲ್ಲಿ ವ್ಯಾಲ್ಯೂ ಅಂತ ಚುಕ್ಕೆ ಹಾಕಿ ಓದಬೇಕು. ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಕಡೆ. ರೈತರ ಪಟ್ಟಿ ಇರುವ ಇಡೀ ಆಬ್ಜೆಕ್ಟನ್ನು ಒಂದು ಸಿಗ್ನಲ್‌ನಲ್ಲಿ ಇಟ್ಟು, ಒಳಗಿನ ತೂಕವನ್ನು ಮಾತ್ರ ಬದಲಿಸಿದರೆ ಸಿಗ್ನಲಿಗೆ ಗೊತ್ತಾಗುವುದಿಲ್ಲ. ಅದು ಕಾಯುವುದು ಬಾಗಿಲನ್ನು, ಒಳಗಿನ ಪೆಟ್ಟಿಗೆಗಳನ್ನಲ್ಲ. ಒಂದೋ ಹೊಸ ಆಬ್ಜೆಕ್ಟ್ ಮಾಡಿ ಹಾಕಬೇಕು, ಇಲ್ಲವಾದರೆ ಒಳಗಿನ ಬೆಲೆಗಳನ್ನೂ ಸಿಗ್ನಲ್ ಮಾಡಬೇಕು. ಸಾಲಿಡ್‌ನ ಸ್ಟೋರ್, ಸ್ವೆಲ್ಟ್ 5ರ ಸ್ಟೇಟ್ ಈ ಜಾಗದಲ್ಲಿ ಒಳಗೊಳಗೆ ಪ್ರಾಕ್ಸಿಯನ್ನೇ ಬಳಸುತ್ತವೆ. ಅಂದರೆ ಪ್ರಾಕ್ಸಿಯಾ ಸಿಗ್ನಲ್ಲಾ ಅನ್ನುವ ಜಗಳಕ್ಕೆ ಅರ್ಥವಿಲ್ಲ, ಒಳ್ಳೆಯ ಲೈಬ್ರರಿಗಳು ಎರಡನ್ನೂ ಸೇರಿಸಿಕೊಂಡಿವೆ.

ಎಫೆಕ್ಟ್ ಒಳಗೆ ಅವೇಟ್ (ಸರ್ವರ್ ಉತ್ತರದಂಥದ್ದಕ್ಕೆ ಕಾಯುವ ಸಾಲು) ಆದ ಮೇಲೆ ಓದಿದ ಸಿಗ್ನಲ್‌ಗಳು ಪಟ್ಟಿಗೆ ಸೇರುವುದಿಲ್ಲ. ಆ ಹೊತ್ತಿಗೆ 'ಈಗ ಓಡುತ್ತಿರುವವನು ಇವನು' ಅಂತ ಬರೆದಿಟ್ಟದ್ದು ಅಳಿಸಿಹೋಗಿರುತ್ತದೆ. ಬೇಕಾದದ್ದನ್ನೆಲ್ಲ ಅವೇಟ್‌ಗೆ ಮೊದಲೇ ಓದಿಕೊಳ್ಳಿ. ಒಂದು ಸಿಗ್ನಲ್‌ನಿಂದ ಇನ್ನೊಂದನ್ನು ಲೆಕ್ಕ ಹಾಕಲು ಎಫೆಕ್ಟ್ ಬಳಸಬೇಡಿ, ಅದಕ್ಕೆ ಕಂಪ್ಯೂಟೆಡ್ ಇದೆ. ಎಫೆಕ್ಟ್ ಒಳಗೆ ಸಿಗ್ನಲ್ ಬರೆಯಲು ಹೋದವರು ಕೊನೆಗೆ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ.

ಆರ್‌ಎಕ್ಸ್‌ಜೆಎಸ್: ಸಮಯ ಮುಖ್ಯವಾದ ಕಡೆ

ಆರ್‌ಎಕ್ಸ್ ವಿಚಾರ ಬಂದದ್ದು ಮೈಕ್ರೋಸಾಫ್ಟ್‌ನಿಂದ, ಎರಿಕ್ ಮೈಯರ್ ಅವರ ತಂಡದಿಂದ. ಇಲ್ಲಿ ಬೆಲೆಗಿಂತ ಪ್ರವಾಹ ಮುಖ್ಯ. ಬರುತ್ತಲೇ ಇರುವ ಘಟನೆಗಳನ್ನು ಸೋಸಬಹುದು, ತಡೆದು ಬಿಡಬಹುದು, ಜೋಡಿಸಬಹುದು, ಸೋತರೆ ಮತ್ತೆ ಪ್ರಯತ್ನಿಸಬಹುದು.

ಬೋರ್ಡಿನಲ್ಲಿ ತಾಲೂಕು ಹುಡುಕುವ ಪೆಟ್ಟಿಗೆ ಇದೆ ಅನ್ನಿ. ಬಳಸುವವರು 'ಚಿ' ಅಂತ ಹೊಡೆದರು, ಚಿಂಚೋಳಿಯೂ ಇದೆ, ಚಿತ್ತಾಪುರವೂ ಇದೆ. ಒಂದೊಂದು ಅಕ್ಷರಕ್ಕೂ ಸರ್ವರಿಗೆ ಒಂದೊಂದು ಕೋರಿಕೆ ಹೋಗುತ್ತದೆ. ನೆಟ್‌ವರ್ಕ್ ನಿಧಾನ ಇದ್ದಾಗ ಮೊದಲಿನ ಕೋರಿಕೆಯ ಉತ್ತರ ಕೊನೆಗೆ ಬಂದು, ಸರಿಯಾದ ಉತ್ತರದ ಮೇಲೆ ಕೂತುಬಿಡುತ್ತದೆ. ಬೆಂಗಳೂರಿನ ಆಫೀಸಿನ ವೈಫೈನಲ್ಲಿ ಈ ದೋಷ ಕಾಣಿಸುವುದೇ ಇಲ್ಲ, ಯಡ್ರಾಮಿಯ ಹಳ್ಳಿಯಲ್ಲಿ ದಿನವೂ ಕಾಣಿಸುತ್ತದೆ. ಆರ್‌ಎಕ್ಸ್‌ಜೆಎಸ್‌ನಲ್ಲಿ ಡಿಬೌನ್ಸ್‌ಟೈಮ್ ಹಾಕಿದರೆ ಬೆರಳು ನಿಂತ ಮೇಲೆ ಮಾತ್ರ ಕೋರಿಕೆ ಹೋಗುತ್ತದೆ, ಸ್ವಿಚ್‌ಮ್ಯಾಪ್ ಹಾಕಿದರೆ ಹೊಸ ಕೋರಿಕೆ ಹೊರಟ ಕೂಡಲೇ ಹಳೆಯದನ್ನು ಕೈಬಿಡುತ್ತದೆ. ಎರಡು ಸಾಲಿನ ಕೆಲಸ. ಇದನ್ನೇ ಕೈಯಾರೆ ಬರೆದರೆ ಟೈಮರ್, ಫ್ಲಾಗ್, ರದ್ದು ಮಾಡುವ ಕೋಡು ಅಂತ ಎಲ್ಲೆಲ್ಲೋ ಹರಡಿಕೊಳ್ಳುತ್ತದೆ. ಹರಾಜಿನ ದರ ವೆಬ್‌ಸಾಕೆಟ್ (ಸರ್ವರ್ ಜೊತೆ ತೆರೆದೇ ಇರುವ ನಂಟು) ಮೂಲಕ ಬರುತ್ತಿದ್ದು, ಕರೆಂಟ್ ಹೋಗಿ ನಂಟು ಕಡಿದರೆ ಸ್ವಲ್ಪ ಬಿಟ್ಟು ಬಿಟ್ಟು ಮತ್ತೆ ಸೇರಿಸುವುದಕ್ಕೂ ಇದೇ ಒಳ್ಳೆಯದು.

ಆದರೆ ಕಲಿಯುವ ಏರು ಕಡಿದಾಗಿದೆ. ಆಪರೇಟರುಗಳ ಹೆಸರೇ ಒಂದು ಸಂತೆ. ಇಲ್ಲಿ ಪ್ರವಾಹಕ್ಕೆ ಅಬ್ಸರ್ವಬಲ್ ಅನ್ನುತ್ತಾರೆ, ಅದನ್ನು ಕೇಳಿಸಿಕೊಳ್ಳಲು ಸೇರುವುದು ಸಬ್‌ಸ್ಕ್ರೈಬ್; ಸೇರಿದ ಒಬ್ಬೊಬ್ಬರಿಗೂ ಹೊಸದಾಗಿ ಓಡುವುದು ಕೋಲ್ಡ್, ಎಲ್ಲರೂ ಒಂದನ್ನೇ ಹಂಚಿಕೊಳ್ಳುವುದು ಹಾಟ್. ಈ ವ್ಯತ್ಯಾಸ ತಿಳಿಯದಿದ್ದರೆ, ಒಂದೇ ಕೋರಿಕೆಯನ್ನು ಪರದೆಯ ಮೂರು ಭಾಗಗಳು ಸಬ್‌ಸ್ಕ್ರೈಬ್ ಮಾಡಿದಾಗ ಸರ್ವರಿಗೆ ಮೂರು ಸಲ ಹೋಗುತ್ತದೆ, ಗಿರಾಕಿಯ ಡೇಟಾ ಖರ್ಚಾಗುತ್ತದೆ. ದೋಷ ಬಂದಾಗ ಸ್ಟ್ಯಾಕ್ ಟ್ರೇಸ್‌ನಲ್ಲಿ ನಿಮ್ಮ ಕೋಡಿಗಿಂತ ಲೈಬ್ರರಿಯ ಒಳಗಿನ ಸಾಲುಗಳೇ ಜಾಸ್ತಿ ಕಾಣುತ್ತವೆ. ಒಂದು ಚೆಕ್‌ಬಾಕ್ಸ್ ಒತ್ತಿದೆಯಾ ಇಲ್ಲವಾ ಅನ್ನುವುದನ್ನು ನೆನಪಿಡಲು ಬಿಹೇವಿಯರ್‌ಸಬ್ಜೆಕ್ಟ್ ಬಳಸುವ ಅಗತ್ಯ ಈಗ ಇಲ್ಲ. ಆಂಗ್ಯುಲರ್ ತಂಡಗಳಲ್ಲಿ ಹೀಗೆ ಬರೆದ ಹಳೆಯ ಕೋಡು ರಾಶಿ ಇದೆ, ಅದನ್ನು ನಿಧಾನಕ್ಕೆ ಸಿಗ್ನಲ್‌ಗೆ ತಂದರೆ ಓದಲು ಹಗುರವಾಗುತ್ತದೆ.

ರಿಯಾಕ್ಟ್: ಗಮನಿಸುವುದೇ ಇಲ್ಲ, ನೀವೇ ಹೇಳಬೇಕು

ರಿಯಾಕ್ಟ್ ಆಬ್ಜೆಕ್ಟನ್ನು ಕಾಯುವುದಿಲ್ಲ. ಸ್ಟೇಟ್ (ಪರದೆಗಾಗಿ ನೆನಪಿಟ್ಟುಕೊಂಡ ಮಾಹಿತಿ) ಬದಲಿಸುವ ಫಂಕ್ಷನ್ ಕರೆದು ಹೊಸ ಆಬ್ಜೆಕ್ಟ್ ಕೊಡಬೇಕು. ಹಳೆಯದು, ಹೊಸದು ಎರಡೂ ಒಂದೇನಾ ಅಂತ ಆಬ್ಜೆಕ್ಟ್.ಇಸ್ ಮೂಲಕ ನೋಡುತ್ತದೆ, ಒಂದೇ ಆಗಿದ್ದರೆ ಏನೂ ಮಾಡುವುದಿಲ್ಲ. ಹಳೆಯ ಪಟ್ಟಿಗೇ ಹೊಸ ಸಾಲು ಪುಶ್ ಮಾಡಿ ಅದನ್ನೇ ವಾಪಸ್ ಕೊಟ್ಟರೆ ಪರದೆ ಅಲ್ಲಾಡದಿರುವುದು ಇದಕ್ಕೇ. ಕಲಿಯುವವರಿಂದ ಬರುವ ದೂರುಗಳಲ್ಲಿ ಇದೇ ಮೊದಲು.

ಗುಣವೂ ಇದೆ. ಏನು, ಎಲ್ಲಿಂದ, ಯಾವಾಗ ಬದಲಾಯಿತು ಅನ್ನುವುದು ಕೋಡಿನಲ್ಲಿ ಬರೆದಿರುತ್ತದೆ, ಹುಡುಕಲು ಸುಲಭ. ಹಳೆಯ ಆಬ್ಜೆಕ್ಟ್ ಹಾಗೇ ಉಳಿಯುವುದರಿಂದ ಗುಮಾಸ್ತರಿಗೆ 'ಹಿಂದಕ್ಕೆ' ಬಟನ್ ಕೊಡುವುದು ಹಗುರ. ಆದರೆ ಮೇಲಿನ ಕಾಂಪೊನೆಂಟ್ (ಪರದೆಯ ಒಂದು ತುಂಡು) ಬದಲಾದರೆ ಕೆಳಗಿನವೂ ಮತ್ತೆ ಓಡುತ್ತವೆ. ದೊಡ್ಡ ಬೋರ್ಡಿನಲ್ಲಿ ಮೆಮೊ (ಬದಲಾಗದ ತುಂಡನ್ನು ಮತ್ತೆ ಓಡಿಸದಂತೆ ಮಾಡುವ ಸೌಕರ್ಯ) ಹಾಕಿ ಇದನ್ನು ತಡೆಯಬೇಕಾಗಬಹುದು. ಆಳವಾದ ಆಬ್ಜೆಕ್ಟಿನ ಒಳಗಿನ ಒಂದು ತೂಕ ಬದಲಿಸಲು ನಾಲ್ಕು ಹಂತ ನಕಲು ಮಾಡುವುದು ಬೇಸರ ತರಿಸುತ್ತದೆ, ಇಮ್ಮರ್ ಅನ್ನುವ ಲೈಬ್ರರಿ ಬಳಸಿದರೆ ನೇರವಾಗಿ ಬದಲಿಸಿದಂತೆ ಬರೆಯಬಹುದು, ಒಳಗೆ ಅದು ಪ್ರಾಕ್ಸಿ ಹಿಡಿದು ನಿಮಗೆ ಹೊಸ ಆಬ್ಜೆಕ್ಟ್ ಮಾಡಿಕೊಡುತ್ತದೆ. ರಿಯಾಕ್ಟ್ ಬೇಕು, ಆದರೆ ಗಮನಿಸುವ ಕೆಲಸವೂ ತಾನಾಗಿ ಆಗಲಿ ಅನ್ನುವವರಿಗೆ ಮಾಬ್‌ಎಕ್ಸ್ ಇದೆ. ಇಮ್ಮರ್ ಮತ್ತು ಮಾಬ್‌ಎಕ್ಸ್ ಎರಡನ್ನೂ ಶುರು ಮಾಡಿದವರು ಮಿಷೆಲ್ ವೆಸ್ಟ್‌ಸ್ಟ್ರೇಟ್ ಒಬ್ಬರೇ. ಕ್ಲಾಸ್ ಬರೆದು ರೂಢಿ ಇರುವವರಿಗೆ ಮಾಬ್‌ಎಕ್ಸ್ ಬೇಗ ಕೈಹಿಡಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕಲಬುರಗಿಯ ಪಿಡಿಎ ಕಾಲೇಜಿನಲ್ಲೋ ಬೀದರಿನ ಗುರುನಾನಕ್ ದೇವ್ ಕಾಲೇಜಿನಲ್ಲೋ ಓದುತ್ತಿದ್ದು, ಮುಂದೆ ಹೈದರಾಬಾದ್, ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ ರಿಯಾಕ್ಟ್ ಕಲಿಯಿರಿ, ಕೆಲಸದ ಬಾಗಿಲು ಅದಕ್ಕೆ ಜಾಸ್ತಿ ತೆರೆದಿರುತ್ತದೆ. ಆದರೆ ಅದರ ಜೊತೆಗೆ ಆ ಸಣ್ಣ ಪ್ರಾಕ್ಸಿ ಪ್ರಯೋಗವನ್ನೂ ಮಾಡಿ. ಒಳಗಿನ ಕೆಲಸ ಗೊತ್ತಿರುವವರು ಇಂಟರ್‌ವ್ಯೂನಲ್ಲಿ ಬೇರೆಯೇ ಥರ ಉತ್ತರ ಕೊಡುತ್ತಾರೆ.

ಊರಲ್ಲೇ ಇದ್ದು ಒಬ್ಬರೇ ಕೆಲಸ ಮಾಡುವವರು, ಸೇಡಂ ರಸ್ತೆಯ ಮಿಲ್ಲಿಗೆ ಸ್ಟಾಕ್ ಲೆಕ್ಕ, ಶಹಾಪುರದ ಹತ್ತಿ ವ್ಯಾಪಾರಿಗೆ ಬಿಲ್ಲಿಂಗ್ ಅಂತ ಮಾಡಿಕೊಡುವವರು ವ್ಯೂ 3 ಅಥವಾ ಸ್ವೆಲ್ಟ್ 5 ಹಿಡಿಯಿರಿ. ನಾನಾದರೆ ವ್ಯೂ ಅನ್ನುತ್ತೇನೆ. ಆಳವಾದ ಫಾರ್ಮ್‌ಗಳಿಗೆ ಅದರ ರಿಯಾಕ್ಟಿವ್ ಆಬ್ಜೆಕ್ಟ್ ಹೇಳಿ ಮಾಡಿಸಿದಂತಿದೆ, ನಾಳೆ ಇನ್ನೊಬ್ಬರಿಗೆ ಕೊಟ್ಟರೂ ಅವರು ಓದಿ ಅರ್ಥ ಮಾಡಿಕೊಳ್ಳುತ್ತಾರೆ. ರೈತರ ಫೋನಿಗಷ್ಟೇ ಹೋಗುವ, ದರ ತೋರಿಸಿ ಮುಗಿಯುವ ಹಗುರ ಪುಟವಾದರೆ ಪ್ರಿಯಾಕ್ಟ್ ಮತ್ತು ಸಿಗ್ನಲ್, ಅಥವಾ ಲೈಬ್ರರಿ ಇಲ್ಲದೆ ಕಸ್ಟಮ್ ಇವೆಂಟ್.

ಆಂಗ್ಯುಲರ್ ತಂಡದಲ್ಲಿರುವವರು ಎರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಸರ್ವರ್, ವೆಬ್‌ಸಾಕೆಟ್, ಹುಡುಕು ಪೆಟ್ಟಿಗೆಯಂಥ ಅಂಚಿನಲ್ಲಿ ಆರ್‌ಎಕ್ಸ್‌ಜೆಎಸ್ ಇರಲಿ, ಅಲ್ಲಿಂದ ಬಂದದ್ದನ್ನು ಟು‌ಸಿಗ್ನಲ್ ಮೂಲಕ ಒಳಗೆ ತಂದು ಪರದೆಗೆ ಸಿಗ್ನಲ್ ಕೊಡಿ. ವ್ಯೂ, ಸಾಲಿಡ್ ಬಳಸುವವರಿಗೂ ನೇರ ಪ್ರಸಾರದ ಹರಾಜಿನಂಥ ಕೆಲಸ ಬಂದರೆ ಇದೇ ಹಂಚಿಕೆ ಸರಿಹೊಂದುತ್ತದೆ.

ಹಳೆಯ ವ್ಯೂ 2 ಅಥವಾ ನಾಕೌಟ್ ಕೋಡು ಕೈಗೆ ಬಂದಿದ್ದರೆ ಎಲ್ಲವನ್ನೂ ಕಿತ್ತು ಹೊಸದು ಕಟ್ಟಲು ಹೋಗಬೇಡಿ, ಅದರಲ್ಲೂ ಡಿಸೆಂಬರ್ ಹತ್ತಿರ ಬಂದಾಗ. ಒಂದೊಂದೇ ಪುಟ ಬದಲಿಸಿ.

ಯಾವುದನ್ನು ಆರಿಸಿದರೂ ನಿಲ್ಲಿಸುವ ಕೆಲಸ ಮರೆಯಬೇಡಿ. ಸಬ್‌ಸ್ಕ್ರೈಬ್ ಮಾಡಿದ್ದನ್ನು ಅನ್‌ಸಬ್‌ಸ್ಕ್ರೈಬ್ ಮಾಡಬೇಕು, ಕಾಂಪೊನೆಂಟ್ ಹೊರಗೆ ಹುಟ್ಟಿಸಿದ ಎಫೆಕ್ಟನ್ನು ಕೈಯಾರೆ ನಿಲ್ಲಿಸಬೇಕು. ಆಂಗ್ಯುಲರ್‌ನಲ್ಲಿ ಅಸಿಂಕ್ ಪೈಪ್ ಅಥವಾ ಟೇಕ್‌ಅಂಟಿಲ್‌ಡೆಸ್ಟ್ರಾಯ್ಡ್ ಇದನ್ನು ನೋಡಿಕೊಳ್ಳುತ್ತದೆ. ಫೋನಿನಲ್ಲಿ ಐದು ನಿಮಿಷ ನೋಡಿ ಮುಚ್ಚುವ ಪುಟದಲ್ಲಿ ಈ ಸೋರಿಕೆ ಗೊತ್ತಾಗುವುದಿಲ್ಲ. ಗಂಜ್‌ನ ಟಿವಿಯಲ್ಲಿ ಬೆಳಗ್ಗೆ ತೆರೆದ ಪುಟ ಸಂಜೆವರೆಗೆ ಓಡುತ್ತದಲ್ಲ, ಅಲ್ಲಿ ಮೆಮರಿ ತುಂಬುತ್ತಾ ತುಂಬುತ್ತಾ ಮಧ್ಯಾಹ್ನದ ಹೊತ್ತಿಗೆ ಬೋರ್ಡು ಹೆಪ್ಪುಗಟ್ಟುತ್ತದೆ.

ಇನ್ನೂ ಎರಡರ ನಡುವೆ ತೂಗಾಡುತ್ತಿದ್ದರೆ ಎರಡರಲ್ಲೂ ಬೋರ್ಡಿನ ಒಂದೇ ಪರದೆ ಮಾಡಿ ನೋಡಿ. 500 ಸಾಲು ಹಾಕಿ. ಕ್ರೋಮ್‌ನ ಡೆವ್‌ಟೂಲ್ಸ್ ತೆರೆದು ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ವೇಗವನ್ನು 4 ಪಟ್ಟು ಇಳಿಸಿ, ನೆಟ್‌ವರ್ಕನ್ನೂ ನಿಧಾನ ಮಾಡಿ, ರೆಕಾರ್ಡ್ ಒತ್ತಿ ಒಂದೇ ಒಂದು ದರ ಬದಲಿಸಿ. ಸ್ಕ್ರಿಪ್ಟಿಂಗ್‌ಗೆ ಎಷ್ಟು ಮಿಲಿಸೆಕೆಂಡ್ ಹೋಯಿತು ಅಂತ ಎರಡರಲ್ಲೂ ಬರೆದಿಟ್ಟುಕೊಳ್ಳಿ. ಆಮೇಲೆ ಆ ಪುಟವನ್ನು ಮನೆಯಲ್ಲಿರುವ ಎಲ್ಲಕ್ಕಿಂತ ಹಳೆಯ ಫೋನಿನಲ್ಲಿ ತೆರೆದು, ನಿಮ್ಮ ಜೊತೆ ಕೆಲಸ ಮಾಡುವವರಿಗೆ ಕೋಡು ಕೊಟ್ಟು 'ತೇವಾಂಶ' ಅನ್ನುವ ಹೊಸ ಕಾಲಂ ಸೇರಿಸಿ ಅನ್ನಿ. ಯಾವುದರಲ್ಲಿ ಅವರು ನಿಮ್ಮನ್ನು ಕೇಳದೆ ಸೇರಿಸಿದರೋ ಅದನ್ನೇ ಇಟ್ಟುಕೊಳ್ಳಿ, ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು ಸ್ವಲ್ಪ ಹಿಂದೆ ಬಿದ್ದಿದ್ದರೂ ಸರಿ.